ಮೂವತ್ತು ಸೆಕೆಂಡಿಗೊಂದು ಕರಡು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 10.20

ಬೆಳಗಿನಿಂದ ಮೂರನೆಯ ಸಲ ಫೋನ್, ಲ್ಯಾಬಿನಿಂದ. ಪ್ರಿಂಟರ್ ಕೈಕೊಟ್ಟಿರಬೇಕು ಎಂದುಕೊಂಡೆ. ಅಲ್ಲ. ಟೈಪಿಸ್ಟಮ್ಮನಿಗೆ ಮಣಿಕಟ್ಟು ನೋವು. ರಿಪೋರ್ಟಿನ ಕೊನೆಯಲ್ಲಿ ‘ರೋಗಿಗೆ ಸಲಹೆ’ ಎಂಬ ಬಾಕ್ಸ್ ಇದೆಯಲ್ಲ, ಡಾಕ್ಟರು ಹೇಳಿದ್ದನ್ನು ಜನರಿಗೆ ಅರ್ಥವಾಗುವ ಮಾತಿನಲ್ಲಿ ಅಲ್ಲಿ ಬರೆಯಬೇಕು. ದಿನಕ್ಕೆ ನೂರು ಸಲ ಅದೇ ಅದೇ ಸಾಲು.

“ಫೋನಲ್ಲಿ ಎರಡಕ್ಷರ ಹೊಡೆದ್ರೆ ಪೂರ್ತಿ ಅದೇ ಹೇಳತ್ತೆ. ನಿಮ್ಮ ಸಾಫ್ಟ್‌ವೇರಿಗೆ ಏನು ಧಾಡಿ?”

ಧಾಡಿ ಏನಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೇ ಬರೆದದ್ದು. ವಯಸ್ಸಾಗಿದೆ, ಅಷ್ಟೆ.

ಹೋಗಲೇಬೇಕು. ಅಕ್ಕ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಅವಳೇ ಅಲ್ಲಿ ಟೈಪಿಸ್ಟ್ ಆಗಿದ್ದಳು, ಈ ಕೆಲಸ ನಮ್ಮ ಕಂಪನಿಗೆ ಕೊಡಿಸಿದ್ದೂ ಅವಳೇ. ಅವಳು ಹೋದ ಮೇಲೆ ಆ ಮೆಟ್ಟಿಲು ಹತ್ತಿಲ್ಲ. ಏನಿದ್ದರೂ ಫೋನಿನಲ್ಲೇ, ಇಲ್ಲವಾದರೆ ಜೊತೆಗಿದ್ದವನನ್ನು ಅಟ್ಟುತ್ತಿದ್ದೆ. ಈಗ ಅವನೂ ಕೆಲಸ ಬಿಟ್ಟಿದ್ದಾನೆ.

ಸಂಜೆ 4

ಹೋಗಿ ಬಂದೆ. ಕುರ್ಚಿ ಅದೇ. ಬೆನ್ನಿಗೆಂದು ಅಕ್ಕ ಕಟ್ಟಿಕೊಂಡಿದ್ದ ನೀಲಿ ದಿಂಬೂ ಅದೇ. ಟೈಪಿಸ್ಟಮ್ಮ ಅದಕ್ಕೆ ಒರಗಿ ಕೂತಿದ್ದರು. ಕೋಪ ಬಂತು. ಯಾರ ಮೇಲೆ? ದಿಂಬಿನ ಮೇಲೆ.

ಮಾರ್ಚ್ 5, ಗುರುವಾರ

ಸಿದ್ಧವಾಗಿ ಸಿಗುವ ಆಟೋಕಂಪ್ಲೀಟ್ ಒಂದೇ ಸಾಲಿನ ಬಾಕ್ಸಿಗೆ ಮಾತ್ರ ಒಗ್ಗುತ್ತದೆ. ಸಲಹೆಯ ಬಾಕ್ಸ್ ಹತ್ತು ಸಾಲಿನದು. ಎರಡು ಗಂಟೆ ತಲೆ ಚಚ್ಚಿಕೊಂಡ ಮೇಲೆ ಇದು ಗೊತ್ತಾಯಿತು. ಸರಿ, ನಾನೇ ಕಟ್ಟಬೇಕು. ಎರಡಕ್ಷರ ಹೊಡೆದರೆ ಕರ್ಸರಿನ ಕೆಳಗೆ ಸಣ್ಣ ಪಟ್ಟಿ. ಎಂಟು ಸಾಲು. ಉದ್ದವಿದ್ದರೆ ನಲವತ್ತು ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕಿ. ಟ್ಯಾಬ್ ಒತ್ತಿದರೆ ಪೂರ್ತಿ ಸಾಲು ಬಾಕ್ಸಿಗೆ. ಹೆಚ್ಚು ಸಲ ಸಿಕ್ಕಿದ್ದು ಮೇಲೆ.

ಪಟ್ಟಿಗೆ ಸಾಲುಗಳು ಎಲ್ಲಿಂದ? “ಒಂದೈವತ್ತು ನಾನೇ ಬರ್ಕೊಡ್ಲಾ?” ಎಂದರು ಟೈಪಿಸ್ಟಮ್ಮ. ಮಣಿಕಟ್ಟು ನೋವಿನವರು ಹೇಳುವ ಮಾತೇ ಇದು? ಬೇಡವೆಂದೆ. ಹಳೆಯ ಕರಡುಗಳೆಲ್ಲ ಕೂತಿರುವ ಡೇಟಾಬೇಸ್ ಟೇಬಲ್ ಇದೆ.

ಅದರ ಕಥೆ ಒಂಬತ್ತು ವರ್ಷ ಹಳೆಯದು. ಕರೆಂಟು ಹೋಗಿ ಅಕ್ಕನ ಉದ್ದನೆಯ ರಿಪೋರ್ಟು ಮಾಯವಾಗಿತ್ತು. “ನಿನ್ನ ಸಾಫ್ಟ್‌ವೇರಿಗೆ ಮಾನ ಮರ್ಯಾದೆ ಇಲ್ವೇನೇ?” ಎಂದು ಫೋನಿನಲ್ಲೇ ಮಂಗಳಾರತಿ ಎತ್ತಿದಳು. ಅವಳ ಕಾಟಕ್ಕೆ ಮೂವತ್ತು ಸೆಕೆಂಡಿಗೊಮ್ಮೆ ಬಾಕ್ಸಿನಲ್ಲಿದ್ದದ್ದೆಲ್ಲ ಕರಡಾಗಿ ಉಳಿಯುವಂತೆ ಮಾಡಿದೆ. ಪ್ರಿಂಟ್ ಆದ ಮೇಲೆ ಆ ಕರಡು ಅಳಿಯಬೇಕಿತ್ತು. ಅಷ್ಟನ್ನು ನಾಳೆ ಬರೆಯೋಣ ಎಂದು ಬಿಟ್ಟೆ. ಆ ನಾಳೆ ಬರಲೇ ಇಲ್ಲ.

ಕರಡುಗಳಲ್ಲಿ ಸಾಲುಗಳು ಆಗಲೇ ಬಿಡಿಬಿಡಿಯಾಗಿ ಕೂತಿವೆ, ಒಡೆಯುವ ಕೆಲಸವಿಲ್ಲ. ಅಲ್ಲಿಂದಲೇ ಎತ್ತಿಕೊಂಡೆ. ಅರ್ಧಂಬರ್ಧ ಸಾಲುಗಳೂ ಬರುತ್ತವೆ, ಆಮೇಲೆ ಸೋಸಿದರಾಯಿತು.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ

ಪಟ್ಟಿ ತೆರೆಯುತ್ತಿದೆ. ‘ಹೆದ’ ಎಂದು ಹೊಡೆದೆ.

ಹೆದರಬೇಡಿ, ಇದು ಸಾಮಾನ್ಯ.
ಹೆದರಬೇಡಿ, ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ.
ಹೆದರಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ.

ಅಕ್ಕ. ಡಾಕ್ಟರು ಏನೇ ಹೇಳಲಿ, ‘ಹೆದರಬೇಡಿ’ ಸೇರಿಸದೆ ಅವಳು ರಿಪೋರ್ಟು ಕೊಟ್ಟವಳಲ್ಲ. ಲ್ಯಾಬಿನಲ್ಲಿ ಅವಳಿಗೆ ‘ಹೆದರಬೇಡಿ ಅಕ್ಕ’ ಎಂದೇ ಹೆಸರಿತ್ತು.

‘ನೀ’ ಹೊಡೆದೆ. ನೀರು ಚೆನ್ನಾಗಿ ಕುಡಿಯಿರಿ. ‘ಸ್ವಲ್’ ಹೊಡೆದೆ. ಸ್ವಲ್ಪ ಹೊತ್ತು ಬಿಸಿಲಿಗೆ ಕೂತುಕೊಳ್ಳಿ, ಮನೆಗೆಲಸ ಕಾಯುತ್ತದೆ. ನಗು ಬಂತು. ಇದನ್ನು ಯಾವ ಡಾಕ್ಟರೂ ಹೇಳಿರಲಾರರು.

ಹತ್ತು ನಿಮಿಷದ ಟೆಸ್ಟಿಂಗು. ಮೂರು ಗಂಟೆ ಮಾಡಿದೆ. ಊಟ ಮರೆತೆ. ಎರಡಕ್ಷರ ಕೊಟ್ಟರೆ ಮಿಕ್ಕಿದ್ದು ಅವಳೇ ಮಾತಾಡುತ್ತಾಳೆ.

ಮಾರ್ಚ್ 8, ಭಾನುವಾರ

ಅಮ್ಮನ ಮನೆಯಲ್ಲಿ ಊಟ. ಭಾವನೂ ಬಂದಿದ್ದರು. ಎಲ್ಲರೂ ಅಕ್ಕನ ಮಾತು ಬಾರದ ಹಾಗೆ ಎಚ್ಚರದಿಂದ ಇದ್ದು, ಕೊನೆಗೆ ಅಲ್ಲಿಗೇ ಬಂದೆವು. ಭಾವ ಯಾವಾಗಲೂ ಹೇಳುವುದನ್ನೇ ಹೇಳಿದರು: “ಒಂದೇ ಸಮಾಧಾನ. ಏನೂ ಗೊತ್ತಿಲ್ದೆ ನೆಮ್ಮದಿಯಾಗಿ ಹೋದ್ಲು.” ಅಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನನಗೆ ಆ ಮಾತು ಗಂಟಲ ಮುಳ್ಳು. ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಅಕ್ಕ ನನ್ನನ್ನು ಕರೆಯುತ್ತಿದ್ದದ್ದು ‘ಕಡ್ಡಿ’ ಎಂದು. ಸಣಕಲಿ ಎಂದಲ್ಲ. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆಂದು. ಕೊಟ್ಟ ಸೀರೆ ಚೆನ್ನಾಗಿಲ್ಲವೆಂದರೆ ಚೆನ್ನಾಗಿಲ್ಲ, ಅಡಿಗೆ ಉಪ್ಪೆಂದರೆ ಉಪ್ಪು. ದೊಡ್ಡ ಆಸ್ಪತ್ರೆಯ ರಿಪೋರ್ಟು ಭಾವನ ಕೈಗೆ ಬಂದಾಗ — ರಕ್ತದ ಕ್ಯಾನ್ಸರ್, ಔಷಧಿ ನಾಟುವ ಹಂತ ದಾಟಿದೆ, ಮೂರು ತಿಂಗಳು — ಅಕ್ಕನಿಗೆ ತಿಳಿಸುವುದು ಬೇಡವೆಂದು ತೀರ್ಮಾನವಾಯಿತು. ಸುಳ್ಳು ಹೇಳುವ ಕೆಲಸ ನನಗೆ ಬಿತ್ತು. “ನೀನಂದ್ರೆ ನಂಬ್ತಾಳೆ” ಎಂದರು ಭಾವ.

ಜನವರಿ ಇಪ್ಪತ್ತೊಂದು, ಭಾನುವಾರ. ಅಕ್ಕ ನನ್ನನ್ನು ಅಡಿಗೆಮನೆಗೆ ಕರೆದು ಕೇಳಿದಳು.

“ಕಡ್ಡಿ, ನೀನು ಹೇಳು. ರಿಪೋರ್ಟಲ್ಲಿ ಏನಿದೆ?”

“ಏನಿಲ್ಲಕ್ಕ. ರಕ್ತ ಕಮ್ಮಿ, ಅಷ್ಟೆ.”

ಅವಳು ನನ್ನ ಮುಖ ನೋಡಿದಳು. “ನೀನು ಹೇಳಿದ ಮೇಲೆ ಸರಿ ಬಿಡು” ಎಂದಳು.

ಹುಟ್ಟಿದಾಗಿನಿಂದ ನಾನು ಆಡಿದ ದೊಡ್ಡ ಸುಳ್ಳು ಅದೊಂದೇ. ಅವಳು ನಂಬಿದಳು. ಗೊತ್ತಿದ್ದಿದ್ದರೆ ಯಾರಿಗೇನು ಹೇಳಬೇಕೋ ಹೇಳುತ್ತಿದ್ದಳು, ಯಾರನ್ನು ಬೈಯಬೇಕೋ ಬೈಯುತ್ತಿದ್ದಳು. ಒಂದೂ ಮಾಡದೆ ಹೋದಳು. ಅವಳ ಕೊನೆಯ ಮಾತುಗಳನ್ನು ಕದ್ದವಳು ನಾನು.

ಮಾರ್ಚ್ 9, ಸೋಮವಾರ. ಬೆಳಿಗ್ಗೆ 11

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪಟ್ಟಿಯಲ್ಲಿ ಇರಲೇಬೇಕೆಂದು ಟೈಪಿಸ್ಟಮ್ಮ ಬರೆದುಕೊಟ್ಟ ಚೀಟಿಯಲ್ಲಿ ಎರಡನೆಯ ಸಾಲು: ಕಡ್ಡಾಯವಾಗಿ ಹನ್ನೆರಡು ಗಂಟೆ ಏನೂ ತಿನ್ನದೆ ಬನ್ನಿ. ಬರುತ್ತದೆಯೇ ನೋಡೋಣವೆಂದು ‘ಕಡ್ಡ’ ಹೊಡೆದೆ. ಬಂತು. ಅದರ ಕೆಳಗೆ ಇನ್ನೊಂದು ಸಾಲು.

ಕಡ್ಡಿಗೆ ಗೊತ್ತಾಗಬಾರದು.

ಪಟ್ಟಿ ಮುಚ್ಚಿದೆ. ಮತ್ತೆ ಹೊಡೆದೆ. ಇದೆ. ಪಕ್ಕದಲ್ಲಿ ಎಣಿಕೆ ತೋರಿಸುವಂತೆ ಟೆಸ್ಟಿಂಗಿಗೆ ಇಟ್ಟುಕೊಂಡಿದ್ದೆ. ನಲವತ್ತನಾಲ್ಕು.

ನಲವತ್ತನಾಲ್ಕು ಸಲ ಬರೆದಳೇ? ಅಲ್ಲ. ಒಂದೇ ಸಲ ಬರೆದಿದ್ದಾಳೆ. ಮೂವತ್ತು ಸೆಕೆಂಡಿಗೊಂದು ಕರಡು. ಆ ಸಾಲು ಇಪ್ಪತ್ತೆರಡು ನಿಮಿಷ ಬಾಕ್ಸಿನಲ್ಲಿ ಹಾಗೇ ಇತ್ತು. ಅವಳು ನೋಡುತ್ತ ಕೂತಿದ್ದಳು. ಆಮೇಲೆ ಅಳಿಸಿದಳು. ಅವಳಿಗೆ ಅಳಿಯಿತು. ಟೇಬಲ್ಲಿಗೆ ಅಳಿಯಲಿಲ್ಲ.

ಮಧ್ಯಾಹ್ನ 3

ಕರಡಿನ ಜೊತೆ ದಿನಾಂಕವೂ ಇರುತ್ತದೆ. ನೋಡಬಾರದೆಂದು ಒಂದು ಗಂಟೆ ಬೇರೆ ಕೆಲಸ ಮಾಡಿದೆ. ಆಮೇಲೆ ನೋಡಿದೆ.

ಜನವರಿ ಹದಿನೆಂಟು, ಗುರುವಾರ. ನಾನು ಸುಳ್ಳು ಹೇಳಿದ್ದಕ್ಕೆ ಮೂರು ದಿನ ಮೊದಲು.

ಅದಕ್ಕೂ ಹಿಂದಿನ ಕರಡಿನಲ್ಲಿ ಒಂದು ರಕ್ತದ ರಿಪೋರ್ಟು. ರೋಗಿಯ ಹೆಸರಿನ ಜಾಗ ಖಾಲಿ. ವಯಸ್ಸು ನಲವತ್ತೊಂದು, ಹೆಣ್ಣು. ಅಕ್ಕನಿಗೂ ಆಗ ಅಷ್ಟೇ ವಯಸ್ಸು. ಬಿಳಿ ಕಣಗಳ ಲೆಕ್ಕ, ಕೆಳಗೆ ಡಾಕ್ಟರ ಅಭಿಪ್ರಾಯ. ಸಲಹೆ: ಮನೆಯವರನ್ನು ಕರೆದುಕೊಂಡು ಬನ್ನಿ. ಇಡೀ ಟೇಬಲ್ಲಿನಲ್ಲಿ ‘ಹೆದರಬೇಡಿ’ ಇಲ್ಲದ ಅವಳ ಸಲಹೆ ಇದೊಂದೇ ಕಂಡದ್ದು.

ಗೊತ್ತಿತ್ತು. ನನ್ನನ್ನು ಅಡಿಗೆಮನೆಗೆ ಕರೆದು ಕೇಳಿದಾಗ ಅವಳಿಗೆ ಗೊತ್ತಿತ್ತು.

ಮಾರ್ಚ್ 12, ಗುರುವಾರ

ಎರಡು ದಿನ ರಜೆ ಹಾಕಿದೆ. ಕರಡು ಓದಿದೆ. ಜನವರಿ ಇಪ್ಪತ್ತೆರಡು, ಸೋಮವಾರ, 10.05:

ಕಡ್ಡಿಯೂ ಸುಳ್ಳು ಹೇಳಿದಳು. ಪಾಪ, ಅಭ್ಯಾಸವಿಲ್ಲ. ಕಿವಿ ಕೆಂಪಾಗಿತ್ತು.

ಅಲ್ಲಿಂದ ಒಂದು ತಿಂಗಳು ಹೀಗೇ. ಎರಡು ರಿಪೋರ್ಟಿನ ನಡುವೆ ಒಂದು ಸಾಲು ಬರೆಯುವುದು, ನೋಡುವುದು, ಅಳಿಸುವುದು. ನಮ್ಮನೆಯವರ ಶರ್ಟಿನ ಗುಂಡಿ ಎಲ್ಲಿ ಇಟ್ಟಿದ್ದೇನೆಂದು ಹೇಳಬೇಕು. ಅಮ್ಮನ ಮುಂದೆ ಸುಸ್ತು ತೋರಿಸಬಾರದು. ಇವರಿಗೆಲ್ಲ ನನಗೆ ಗೊತ್ತಿಲ್ಲವೆಂಬುದೇ ಆಸರೆ, ಅದನ್ನು ಕಿತ್ತುಕೊಳ್ಳಬಾರದು.

ನಾವು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕುಡಿದೆವು. ಅವಳು ಪಕ್ಕದಲ್ಲಿ ಕೂತು ಲೋಟ ಹಿಡಿದುಕೊಂಡಿದ್ದಳು.

ನಿರಾಳವಾಗಬೇಕಿತ್ತಲ್ಲ? ನಾನು ಅವಳಿಗೆ ಮೋಸ ಮಾಡಿಲ್ಲ, ಅವಳು ಮೋಸ ಹೋಗಲಿಲ್ಲ. ನಿರಾಳವಾಗುತ್ತಿಲ್ಲ. ಮೂರು ತಿಂಗಳು ಅವಳು ಒಬ್ಬಳೇ ಇದ್ದಳು, ನಾವು ಸುತ್ತ ಕೂತಿದ್ದೆವು.

ಮಾರ್ಚ್ 16, ಸೋಮವಾರ

ಲ್ಯಾಬಿನಲ್ಲಿ ಹಾಕಿಕೊಟ್ಟೆ. ವಾರದ ಮಟ್ಟಿಗೆ ಪ್ರಯೋಗ. ‘ಕಡ್ಡಿ’ ಇರುವ ಸಾಲುಗಳನ್ನು ಮಾತ್ರ ಪಟ್ಟಿಯಿಂದ ತೆಗೆದಿದ್ದೇನೆ. ಉಳಿದದ್ದನ್ನು ಸೋಸಬೇಕೆಂದು ಗೊತ್ತಿತ್ತು. ಸೋಸಲಿಲ್ಲ. ಆ ಕುರ್ಚಿಯಲ್ಲಿ ಅವಳ ಮಾತು ಇನ್ನೊಂದಷ್ಟು ದಿನ ಇರಲಿ ಎನ್ನಿಸಿತು. ಇದು ಕೆಲಸ ಬಲ್ಲವಳು ಮಾಡುವ ಕೆಲಸವಲ್ಲ. ಗೊತ್ತು.

ಟೈಪಿಸ್ಟಮ್ಮನಿಗೆ ಬಲು ಖುಷಿ. “ನಾನು ಬಾಯಿ ತೆಗೆಯೋ ಮುಂಚೆ ಯಾರೋ ಮುಂದಿನ ಮಾತು ಹೇಳಿಕೊಟ್ಟ ಹಾಗಾಗತ್ತೆ” ಎಂದರು. ಏನೋ ನೆನಪಾದವರಂತೆ ಹಿಂದಕ್ಕೆ ತಿರುಗಿ ನೋಡಿದರು. ದಿಂಬು ಸರಿಮಾಡಿಕೊಂಡರು.

ಮಾರ್ಚ್ 18, ಬುಧವಾರ. ಮಧ್ಯಾಹ್ನ 12.40

ಆಗಬಾರದ್ದು ಆಯಿತು.

‘ಎಲ್ಲವೂ ಸರಿಯಾಗಿದೆ’ ಎಂದು ಬರೆಯಲು ಟೈಪಿಸ್ಟಮ್ಮ ‘ಎಲ್ಲ’ ಹೊಡೆದಿದ್ದಾರೆ. ಕೈ ಎರಡು ಸಾಲು ಕೆಳಗೆ ಜಾರಿದೆ, ಟ್ಯಾಬ್ ಒತ್ತಿದ್ದಾರೆ, ನೋಡದೆ ಪ್ರಿಂಟ್ ಕೊಟ್ಟಿದ್ದಾರೆ. ಒಬ್ಬ ಹೆಂಗಸಿನ ರಿಪೋರ್ಟಿನಲ್ಲಿ ಸಲಹೆಯ ಜಾಗದಲ್ಲಿ ಹೋಗಿರುವುದು:

ಎಲ್ಲರೂ ನನ್ನ ಮುಂದೆ ನಗುತ್ತಾರೆ. ನಾನೂ ನಗುತ್ತೇನೆ. ಯಾರು ಮೊದಲು ನಿಲ್ಲಿಸುವುದು?

ಇವತ್ತು ಆಕೆ ಲ್ಯಾಬಿಗೆ ಬಂದಿದ್ದರಂತೆ. ಟೈಪಿಸ್ಟಮ್ಮ ಬೈಗುಳಕ್ಕೆ ತಯಾರಾಗಿ ನಿಂತರೆ, ಆಕೆ ಬೈಯಲಿಲ್ಲ. “ಇದನ್ನ ಬರೆದವ್ರು ಯಾರು? ಅವ್ರನ್ನ ಒಂದ್ಸಲ ನೋಡ್ಬೇಕಿತ್ತು” ಎಂದರಂತೆ. ಸರಿಯಾದ ರಿಪೋರ್ಟು ಕೊಟ್ಟು ಹಳೆಯದನ್ನು ವಾಪಸು ಕೇಳಿದರೆ ಕೊಡದೆ ಹೋದರಂತೆ.

ಡಾಕ್ಟರು ನನ್ನನ್ನು ನಾಳೆ ಬರಹೇಳಿದ್ದಾರೆ. ತಪ್ಪು ಟೈಪಿಸ್ಟಮ್ಮನದಲ್ಲ. ನನ್ನದು.

ಮಾರ್ಚ್ 19, ಗುರುವಾರ

ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ ಹೇಳಿದರು. “ಶನಿವಾರದೊಳಗೆ ಪಟ್ಟಿ ತೆಗೀರಿ. ಕರಡುಗಳನ್ನೂ ಅಳಿಸಿ. ಅದ್ರಲ್ಲಿ ಎಷ್ಟು ಜನರ ಗುಟ್ಟಿದೆಯೋ ನಿಮಗೇ ಗೊತ್ತು. ಹೊಸಾ ಪಟ್ಟಿಗೆ ಸಾಲು ನಾನೇ ಬರ್ದುಕೊಡ್ತೀನಿ.”

ಸರಿಯಾದ ಮಾತು. ಒಪ್ಪಿದೆ. ಎದ್ದವಳು ಮತ್ತೆ ಕೂತೆ.

“ಅಕ್ಕನಿಗೆ ಗೊತ್ತಿತ್ತು ಅಂತ ನಿಮಗೆ ಗೊತ್ತಿತ್ತಾ ಮೇಡಂ?”

ಆಗ ತಲೆ ಎತ್ತಿದರು.

“ಸ್ಲೈಡ್ ತಂದಿಟ್ಲು. ಮೇಲೆ ನಂಬರ್ ಬಿಟ್ರೆ ಏನಿರ್ಲಿಲ್ಲ. ನೋಡ್ದೆ, ಹೇಳ್ದೆ, ಅವಳು ಟೈಪ್ ಮಾಡಿದ್ಲು. ‘ಎಷ್ಟು ದಿನ ಇರ್ಬೋದು ಮೇಡಂ ಇವ್ರು?’ ಅಂತ ಕೇಳಿದ್ಲು. ನಾನು ಯಾರೋ ಅಂದ್ಕೊಂಡು ಹೇಳ್ಬಿಟ್ಟೆ. ಪ್ರಿಂಟ್ ತೆಗೆದು, ನಾಲ್ಕು ಮಡಿಕೆ ಮಡಚಿ, ತನ್ನ ಬ್ಯಾಗಿಗೆ ಹಾಕ್ಕೊಂಡ್ಲು.”

ಮುಂದಿದ್ದ ಸ್ಲೈಡನ್ನು ಡಾಕ್ಟರು ಪಕ್ಕಕ್ಕೆ ಸರಿಸಿದರು.

“ನಾನು ಬಾಯಿ ತೆಗೆದ್ರೆ, ‘ಮೇಡಂ, ಹೆದರಬೇಡಿ, ಮನೇಲಿ ಯಾರಿಗೂ ಹೇಳ್ಬೇಡಿ’ ಅಂದ್ಲು. ನನಗೆ ಹೇಳ್ತಾಳೆ, ಹೆದರಬೇಡಿ ಅಂತ.”

ಡಾಕ್ಟರು ಕನ್ನಡಕ ಒರೆಸಿಕೊಂಡರು. ಮತ್ತೆ ಮೈಕ್ರೋಸ್ಕೋಪಿಗೆ ಬಾಗಿದರು. ನಾನು ಬಂದೆ.

ಮಾರ್ಚ್ 20, ಶುಕ್ರವಾರ

ಅಮ್ಮನ ಮನೆಗೆ ಹೋಗಬಾರದಿತ್ತು. ನನ್ನ ಮುಖ ಡಂಗುರ ಹೊಡೆಯುತ್ತದೆ.

“ವರ್ಷದಿಂದ ಕೇಳ್ಬೇಕು ಅಂತಿದ್ದೆ ಕಣೇ” ಎಂದಳು. “ಅವಳಿಗೆ ಗೊತ್ತಿತ್ತು ಅನ್ಸತ್ತೆ ನನಗೆ. ಕೊನೇಲಿ ನನ್ನ ಕಾಲು ಒತ್ತಿದ್ಲು. ಅಷ್ಟು ನಿತ್ರಾಣದಲ್ಲಿ ಯಾರಾದ್ರೂ ಕಾಲು ಒತ್ತುತ್ತಾರಾ? ನಿನ್ನ ಭಾವನ್ನ ಕೇಳಿದ್ರೆ ಅಳ್ತಾರೆ. ನೀನು ಕಡ್ಡಿ ಮುರಿದ ಹಾಗೆ ಹೇಳೋಳು. ಹೇಳು, ಗೊತ್ತಿತ್ತಾ?”

ಮಾತು ಆಡಿದರೆ ಹೋಯಿತು.

“ಭಾನುವಾರ ಬಂದು ಹೇಳ್ತೀನಮ್ಮ” ಎಂದೆ. ಅಕ್ಕನಿಗೆ ಗೊತ್ತಿಲ್ಲದಿದ್ದರೆ ಅಲ್ಲೇ ‘ಗೊತ್ತಿರಲಿಲ್ಲ’ ಎನ್ನುತ್ತಿದ್ದೆನಲ್ಲ. ಅಷ್ಟೂ ಹೊಳೆಯಲಿಲ್ಲ.

ಹೇಳಿದರೆ ಅಮ್ಮನಿಗೆ ನಿಜ ಸಿಗುತ್ತದೆ, ಮಗಳು ಒಬ್ಬಳೇ ಅನುಭವಿಸಿದಳೆಂಬ ನಿಜ. ಹೇಳದಿದ್ದರೆ ಅಕ್ಕನ ಮಾತು ಉಳಿಯುತ್ತದೆ. ಕಡ್ಡಿಗೆ ಗೊತ್ತಾಗಬಾರದೆಂದಿದ್ದಳು, ಗೊತ್ತಾಯಿತು. ಅಮ್ಮನಿಗಾದರೂ ಗೊತ್ತಾಗದಿರಲಿ ಎಂದು ಕೇಳುತ್ತಿದ್ದಾಳೇ?

ಈ ಪುಸ್ತಕದಲ್ಲಿ ಎರಡಕ್ಷರ ಬರೆದು ನಿಲ್ಲಿಸುತ್ತೇನೆ. ಕೆಳಗೆ ಪಟ್ಟಿ ತೆರೆಯುವುದೇನೋ ಎಂದು ಕಾಯುತ್ತೇನೆ. ಪೆನ್ನಿಗೂ ರೋಗ ಅಂಟಿದೆ.

ಮಾರ್ಚ್ 21, ಶನಿವಾರ. ಬೆಳಿಗ್ಗೆ 9.30

ಅಳಿಸಬೇಕು. ಲ್ಯಾಬು ತೆರೆಯುವ ಮೊದಲೇ ಬಂದಿದ್ದೇನೆ. ನೀಲಿ ದಿಂಬಿನ ಕುರ್ಚಿಯಲ್ಲಿ ಮೊದಲ ಸಲ ಕೂತಿದ್ದೇನೆ. ಒಂದು ಸಾಲು ಉಳಿದಿದೆ, ಓದಿಲ್ಲ. ಫೆಬ್ರವರಿ ಹದಿನಾರು, ಅವಳು ಕೆಲಸಕ್ಕೆ ಬಂದ ಕೊನೆಯ ದಿನ. ಧೈರ್ಯ ಸಾಲದೆ ಅಲ್ಲಿಗೆ ನಿಲ್ಲಿಸಿದ್ದೆ.

ಮುಚ್ಚಿಟ್ಟಿದ್ದ ಸಾಲುಗಳನ್ನು ಪಟ್ಟಿಗೆ ಬಿಟ್ಟೆ. ‘ಕಡ್ಡಿ’ ಹೊಡೆದೆ. ಮೂರನೆಯ ಸಾಲು, ನಲವತ್ತು ಅಕ್ಷರಕ್ಕೆ ಕತ್ತರಿಸಿದ್ದು, ಮೂರು ಚುಕ್ಕಿ. ಟ್ಯಾಬ್ ಒತ್ತಿದೆ.

ಕಡ್ಡಿ, ನೀನು ಸುಳ್ಳು ಹೇಳುತ್ತಿದ್ದೀಯೆಂದು ಗೊತ್ತಿದ್ದೂ, ಆ ಹೊತ್ತು ನಿನ್ನ ಮುಖ ನೋಡಿ, ಒಂದು ನಿಮಿಷ

ಅಷ್ಟೇ. ಎಣಿಕೆ ಒಂದು. ಅವಳು ಬರೆಯುತ್ತಿದ್ದಾಗ ಮೂವತ್ತು ಸೆಕೆಂಡು ಮುಗಿದಿದೆ, ಕರಡು ಅಷ್ಟನ್ನು ಹಿಡಿದಿದೆ. ಮುಂದಿನ ಮೂವತ್ತರೊಳಗೆ ಅಳಿಸಿಬಿಟ್ಟಿದ್ದಾಳೆ.

ಒಂದು ನಿಮಿಷ ಏನು? ನಂಬಿದೆಯಾ? ನಿಜವಿರಬಹುದೆಂದು ಆಸೆಪಟ್ಟೆಯಾ? ನನ್ನನ್ನು ದ್ವೇಷಿಸಿದೆಯಾ? ಕರ್ಸರ್ ಮಿನುಗುತ್ತಿತ್ತು. ‘ಒಂದು ನಿಮಿಷ’ ಎಂದು ಹೊಸ ಸಾಲಿನಲ್ಲಿ ನಾನೇ ಹೊಡೆದೆ. ಪಟ್ಟಿ ತೆರೆಯಿತು. ಒಂದು ನಿಮಿಷ ಕೈ ಮುಷ್ಟಿ ಹಿಡಿದು ಬಿಡಿ. ಅದೊಂದೇ.

10.10

ಅಳಿಸಿದೆ. ಮೂರು ಲಕ್ಷ ಚಿಲ್ಲರೆ ಕರಡು, ಹನ್ನೊಂದು ಸೆಕೆಂಡು. ಯಾವುದನ್ನೂ ನಕಲು ಮಾಡಿಟ್ಟುಕೊಳ್ಳಲಿಲ್ಲ. ಈ ಪುಸ್ತಕಕ್ಕೆ ಇಳಿದದ್ದಷ್ಟೇ. ಡಾಕ್ಟರು ಬರೆದುಕೊಟ್ಟ ಅರವತ್ತು ಸಾಲು ಹೊಸ ಪಟ್ಟಿಗೆ ಸೇರಿಸಿದೆ. ಟೈಪಿಸ್ಟಮ್ಮ ಬಂದು ‘ಹೆದ’ ಹೊಡೆದು ನೋಡಿದರು. ಏನೂ ಬರಲಿಲ್ಲ. “ಅದನ್ಯಾಕೆ ತೆಗೆದ್ರಿ?” ಎಂದು ನನ್ನನ್ನೇ ನೋಡಿದರು. ಆ ಒಂದು ಸಾಲು ಕೈಯಾರೆ ಸೇರಿಸಿಕೊಟ್ಟು ಬಂದೆ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 11.30

ಅಮ್ಮನ ಮನೆಯಿಂದ ಈಗ ಬಂದೆ.

ಒಗೆದ ಹೊದಿಕೆ ಮಡಿಚುತ್ತಿದ್ದಳು. ಒಬ್ಬಳ ಕೈಗೆ ಸಿಗುವಂಥದ್ದಲ್ಲ, ಇನ್ನೊಂದು ತುದಿ ನಾನು ಹಿಡಿದೆ. ಇಬ್ಬರೂ ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿದೆವು.

“ಹೇಳ್ತೀನಿ ಅಂದಿದ್ದೆ.”

“ಇಲ್ಲಮ್ಮ” ಎಂದೆ. “ಅವಳಿಗೆ ಏನೂ ಗೊತ್ತಿರ್ಲಿಲ್ಲ. ರಕ್ತ ಕಮ್ಮಿ ಅಂತಲೇ ಅಂದ್ಕೊಂಡಿದ್ಲು.”

ದನಿ ನಡುಗಲಿಲ್ಲ. ಕಣ್ಣು ತಪ್ಪಿಸಲಿಲ್ಲ. ಪರವಾಗಿಲ್ಲ, ಕಲಿತಿದ್ದೇನೆ ಎಂದುಕೊಂಡೆ.

ಅಮ್ಮ ನನ್ನ ಕೈಯಿಂದ ಹೊದಿಕೆಯ ತುದಿ ತೆಗೆದುಕೊಂಡಳು. ಎದೆಗೆ ಒತ್ತಿ ಕೊನೆಯ ಮಡಿಕೆ ಹಾಕಿದಳು. ಆಮೇಲೆ ಕೈ ಚಾಚಿ ನನ್ನ ಕಿವಿ ಮುಟ್ಟಿದಳು. ಸುಡುತ್ತಿತ್ತು.

“ನೀನು ಹೇಳಿದ ಮೇಲೆ ಸರಿ ಬಿಡು” ಎಂದಳು.

ಅದೇ ಮಾತು. ಅಕ್ಕನಿಗೆ ಅದು ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು. ನಾನು ಸುಳ್ಳು ಹೇಳಿದ್ದು ಅಮ್ಮನಿಗೆ ಗೊತ್ತಾಗಿದೆ. ಗೊತ್ತಿದ್ದೂ, ಆ ಹೊತ್ತು ನನ್ನ ಮುಖ ನೋಡಿ, ಒಂದು ನಿಮಿಷ